ಮೈಕಿನ ಮುಂದಿನ ಪಿಸುದನಿ

ಕ್ಲೀವ್‌ಲ್ಯಾಂಡ್
9 ಫೆಬ್ರವರಿ 1932

ಪ್ರೀತಿಯ ಮೇಬೆಲ್ ಅಕ್ಕನಿಗೆ,

ನೀನು, ಭಾವ, ಮಕ್ಕಳು ಕ್ಷೇಮವೆಂದು ನಂಬಿದ್ದೇನೆ. ನಿನ್ನ ಮೂರು ಕಾಗದಗಳಿಗೆ ಈಗ ಉತ್ತರಿಸುತ್ತಿದ್ದೇನೆ, ಬೇಸರಿಸಬೇಡ. ಅಂಚೆಪೆಟ್ಟಿಗೆ ಬೀದಿಯಾಚೆ ಇದೆ. ಅಲ್ಲಿಗೆ ಹೋಗಲು ಧೈರ್ಯ ಬರಲಿಲ್ಲ.

ಲೋವೆಲ್‌ನ ಹಾಡು ನಿಮ್ಮೂರಿನ ರೇಡಿಯೋದಲ್ಲೂ ಕೇಳುತ್ತದೆಂದು ಬರೆದಿದ್ದೀಯ. ನಮ್ಮ ಮದುವೆಯ ಹೊಸತರಲ್ಲಿ ಅವನು ಡಾನ್ಸ್ ಹಾಲ್‌ಗಳಲ್ಲಿ ದನಿ ದೂರಕ್ಕೆ ಕೇಳಲೆಂದು ತಗಡಿನ ಕಹಳೆ ಬಾಯಿಗಿಟ್ಟು ಗಂಟಲು ಹರಿಯುವಂತೆ ಹಾಡುತ್ತಿದ್ದನಲ್ಲ? ಈಗ ಅದೆಲ್ಲ ಬೇಡ. ಮೈಕಿಗೆ ತುಟಿ ತಾಗಿಸುವಷ್ಟು ಹತ್ತಿರ ನಿಂತು, ಮಲಗಿದವರ ಕಿವಿಯಲ್ಲಿ ಹೇಳುವಂತೆ ಪಿಸುಗುಟ್ಟಿದರೆ ಸಾಕು. "ಇದು ಗಂಡಸ್ರು ಹಾಡೋ ಹಾಡಾ? ಬರೀ ನರಳಾಟ!" ಎಂದು ನಮ್ಮ ಪಾದ್ರಿಗಳು ಭಾನುವಾರ ಗುಡುಗಿದರು. ಆದರೆ ಹೆಂಗಸರ ಕಾಗದಗಳು ಮೂಟೆಗಟ್ಟಲೆ ಬರುತ್ತಿವೆ. ದುಡ್ಡು ಕೊಟ್ಟು ಅವನ ಕಾರ್ಯಕ್ರಮ ನಡೆಸುವ ಸೋಪಿನ ಕಂಪನಿಯವರು, "ನಿಂಗೆ ಹೆಂಡ್ತಿ ಇದಾಳೆ ಅಂತ ಗೊತ್ತಾದ್ರೆ ಯಾರಯ್ಯ ಕೇಳ್ತಾರೆ?" ಎಂದರಂತೆ. ಅಂದಿನಿಂದ ಅವನು ಉಂಗುರ ತೊಡುವುದಿಲ್ಲ.

ಆ ಮೂಟೆಯಲ್ಲಿ ಅಲ್ವಿನಾ ಎಂಬುವಳ ಕಾಗದಗಳೂ ಇದ್ದವು. "ಮಂಗಳವಾರ ಎರಡು ಸಲ ಕೆಮ್ಮಿದಿರಿ. ನನಗೆಂದೇ ಮಾಡಿದ ಸನ್ನೆ ಅದು, ಅರ್ಥವಾಯಿತು" ಎಂದು ಒಂದರಲ್ಲಿತ್ತು. ಲೋವೆಲ್ ಓದಿ ನಕ್ಕ. ಮುಂದಿನದು ಅಂಚೆಚೀಟಿಯಿಲ್ಲದೆ ನಮ್ಮ ಬಾಗಿಲಡಿಯಲ್ಲೇ ಬಿದ್ದಿತ್ತು: "ಮದುವೆಯ ಬಟ್ಟೆ ಹೊಲಿಸಿದ್ದೇನೆ." ಆಗ ಅವನು ನಗಲಿಲ್ಲ.

ಈಗ ಪ್ರತಿದಿನ ನಾಲ್ಕು ಗಂಟೆಗೆ, ಅವನ ಹಾಡು ಶುರುವಾಗುವ ಹೊತ್ತಿಗೆ, ಅವಳು ಎದುರಿನ ಔಷಧಿ ಅಂಗಡಿಯ ಮುಂದೆ ಬಂದು ನಿಲ್ಲುತ್ತಾಳೆ. ಬೂದು ಕೋಟು, ಕೈಯಲ್ಲಿ ಚರ್ಮದ ಪೆಟ್ಟಿಗೆ. ಅಂಗಡಿಯ ರೇಡಿಯೋ ಕೇಳುತ್ತಾ ನಮ್ಮ ಕಿಟಕಿ ನೋಡಿ ತಲೆಯಾಡಿಸುತ್ತಾಳೆ. ಪೊಲೀಸಿನವನಿಗೆ ಹೇಳಿದೆ. "ಬೀದೀಲಿ ನಿಲ್ಲೋದು ತಪ್ಪಲ್ಲಮ್ಮ. ನಮ್ಮನೆಯವಳಿಗೂ ಅವನ ಹಾಡಂದ್ರೆ ಹುಚ್ಚು," ಎಂದ.

ನಿನ್ನೆ ಸೋಮವಾರ ಅವನಿಗೆ ರಜೆ. ಮಧ್ಯಾಹ್ನ ಅವಳೇ ಬಂದು ಬಾಗಿಲು ಬಡಿದಳು. ಲೋವೆಲ್ ಮಾತಾಡಿಸಿ ಕಳಿಸಿದ. ಗಲಾಟೆಯೇನೂ ಆಗಲಿಲ್ಲ. ಹೆದರಬೇಡ.

ಹೊಟ್ಟೆಯಲ್ಲಿರುವ ಕೂಸು ಚೆನ್ನಾಗಿ ಒದೆಯುತ್ತಿದೆ. ಮಕ್ಕಳಿಗೆ ನನ್ನ ಮುತ್ತುಗಳು. ದೇವರು ನಿಮ್ಮ ಮನೆಯನ್ನು ತಣ್ಣಗಿಟ್ಟಿರಲಿ.

ನಿನ್ನ ತಂಗಿ,
ಎಡ್ನಾ

ಮರೆತ ಮಾತು: ಮರೆತದ್ದಲ್ಲ ಅಕ್ಕ, ಬರೆಯಲು ಕೈ ಬರಲಿಲ್ಲ. ಬಾಗಿಲು ತೆರೆದವಳು ನಾನೇ. ಅವಳು ನನ್ನ ಹೊಟ್ಟೆಯನ್ನೇ ದಿಟ್ಟಿಸಿ, "ಇವಳ್ಯಾರು?" ಎಂದಳು. ಹಿಂದೆ ನಿಂತಿದ್ದ ಲೋವೆಲ್, "ಮನೆಗೆಲಸದವಳು," ಎಂದ. "ನಾನು ಬಂದ್ಮೇಲೆ ಇವಳು ಇಲ್ಲಿರೋದು ಬೇಡ," ಎಂದಳು. ಅವನು ಮೆಲ್ಲಗೆ, ಮೈಕಿನ ಮುಂದೆ ಮಾತಾಡುವ ದನಿಯಲ್ಲೇ, "ಹಾಗೇ ಆಗಲಿ," ಎಂದ. ಬಾಗಿಲು ಹಾಕಿದ ಮೇಲೆ, "ಅವಳನ್ನ ಸಾಗಹಾಕೋಕೆ ಹಾಗಂದೆ ಕಣೆ," ಅಂದ. ಇರಬಹುದು. ಆದರೆ ಅವಳು ನಂಬಿ ಹೋಗಿದ್ದಾಳೆ. ಇವತ್ತು ಅಂಗಡಿಯ ಮುಂದೆ ನಿಂತಿಲ್ಲ. ನಾಲ್ಕು ಹೊಡೆಯಿತು, ಲೋವೆಲ್ ರೇಡಿಯೋ ಸ್ಟೇಷನ್ನಿನಲ್ಲಿದ್ದಾನೆ. ಹಿತ್ತಲ ಬಾಗಿಲಿನ ಚಿಲಕವನ್ನು ಯಾರೋ ಅಲ್ಲಾಡಿಸುತ್ತಿದ್ದಾರೆ.