ಒಬ್ಬರಾದ ಮೇಲೆ ಒಬ್ಬರು ಹಾಕಿ

ಸೆಪ್ಟೆಂಬರ್ 24, ಬುಧವಾರ

ಪ್ಯಾನೆಲ್ ತೊಳೆದೆ. ಧೂಳು, ಕಾಗೆ ಹೇಲು. ಸೋಲಾರ್ ರೂಮಿಗೆ ಬಂದರೆ ಕೆಪಾಸಿಟರ್ ಡಬ್ಬ ಸತ್ತು ಕೂತಿದೆ. ಕೆಂಪು ಲೈಟು. ಇಂಜಿನಿಯರ್ ಹಂಸಾ ಮೇಡಂ ಬಂದು ರಿಪೇರಿಗೆ ಬಿಚ್ಚಿಕೊಂಡು ಹೋದರು.

ಕಾಡಿನ ಜಾಗ ಅಂತ ನಮ್ಮ ಹಟ್ಟಿಗೆ ಕರೆಂಟ್ ಕಂಬ ಬರಲೇ ಇಲ್ಲ. ಇರುವುದು ಈ ಸೋಲಾರ್ ಒಂದೇ, ನೋಡಿಕೊಳ್ಳುವವನು ನಾನು. ಮೋಟಾರ್ ಶುರುವಾಗುವಾಗ ಒದೆಯುತ್ತದೆ. ಆ ಒದೆ ತಡೆಯುವುದು ಡಬ್ಬ. ಆಮೇಲೆ ಎಳೆಯುವುದು ಬ್ಯಾಟರಿ.

ಮೇಡಂ ಹೋಗುವಾಗ ಹೇಳಿದ್ದು— "ನೋಡು ಸುದೀಪ್, ಈಗ ಬ್ಯಾಟರಿ ಒಂದೇ ಇರೋದು. ಒಬ್ಬರಾದ್ಮೇಲೆ ಒಬ್ರು ಮೋಟಾರ್ ಹಾಕ್ಲಿ. ಒಟ್ಟಿಗೆ ಹಾಕಿದ್ರೆ ಇಡೀ ಲೈನ್ ಟ್ರಿಪ್ ಆಗುತ್ತೆ. ನಿಮ್ಮ ತಾತನ ಮಷೀನೂ ನಿಲ್ಲುತ್ತೆ."

ಗೊತ್ತು. ತಾತನ ಶ್ವಾಸಕೋಶ ಹೋಗಿದೆ. ಮೂಗಿಗೆ ನಳಿಕೆ, ಪಕ್ಕದಲ್ಲಿ ಆಕ್ಸಿಜನ್ ಮಷೀನು. ಅಷ್ಟೇ ಬದುಕು.

ಸೆಪ್ಟೆಂಬರ್ 29

ಮನೆಮನೆಗೂ ಹೋಗಿ ಹೇಳಿದೆ. ಬೋರ್‌ವೆಲ್ ನಾಗೇಶಣ್ಣನ ಬಾಯಿ— "ಓಹೋ, ಒಂಬತ್ತನೇ ಕ್ಲಾಸ್ ಬಿಟ್ಟೋನು ಈಗ ಲೈನ್‌ಮನ್ ಸಾಹೇಬ್ರು ಕಣ್ರೋ!" ಎಲ್ಲ ನಕ್ಕರು. ನಗಲಿ, ನನ್ಮಕ್ಕಳು.

ಬುಧವಾರ ಆಯುಧ ಪೂಜೆ. ಮಂಗಳಾರತಿ ಎತ್ತಿದಾಗ ಮೋಟಾರೆಲ್ಲ ತಿರುಗಬೇಕು, ಇಲ್ಲಿಯ ಪದ್ಧತಿ. ಹಿಟ್ಟಿನ ಮಿಲ್ಲು ಅಪ್ಪನದು. ಅಪ್ಪನಿಗೂ ಹೇಳಿದೆ. "ಆಯ್ತು ಬಿಡೋ" ಅಂದ.

ತಾತನ ಸ್ಪೇರ್ ಸಿಲಿಂಡರ್ ತುಂಬಿಸಲು ಕಡೂರಿಗೆ ಹೋಗಿದೆ. ಹಬ್ಬ ಕಳೆದ ಮೇಲೆ ಕೊಡುತ್ತಾರಂತೆ.

ಅಕ್ಟೋಬರ್ 1

ಮೊದಲು ನಮ್ಮ ಮಿಲ್ಲು, ಆಮೇಲೆ ನಾಗೇಶಣ್ಣನ ಬೋರು, ಆಮೇಲೆ ಉಳಿದವರು. ಎಲ್ಲ ಒಪ್ಪಿದ್ದರು. ಆರತಿ ತಟ್ಟೆ ಬಂದದ್ದೇ ನಾಗೇಶಣ್ಣ ತಿರುಗಿಬಿದ್ದ. "ಆರತಿ ಆರಿದ್ಮೇಲೆ ನಂದು ತಿರುಗ್ಬೇಕಾ? ನಂದೇನ್ ಬಿಟ್ಟಿ ಪೂಜೆನಾ?"

ಅಪ್ಪ ನನ್ನ ಕಡೆ ತಿರುಗಿ— "ವರ್ಷಕ್ಕೊಂದ್ಸಲ ಕಣೋ. ಏನಾಗಲ್ಲ."

ಗಂಟೆ ಬಾರಿಸಿದರು. ಅಪ್ಪನ ಕೈ ಹಿಡಿದೆ. ತಳ್ಳಿದ. ಎಲ್ಲ ಮೋಟಾರೂ ಒಟ್ಟಿಗೆ... ಗುಂಯ್ ಅಂದು ಸುಮ್ಮನಾದವು.

ಸೋಲಾರ್ ರೂಮಿಗೆ ಓಡಿದೆ. ಟ್ರಿಪ್ ಆದ ಲೈನನ್ನು ಎಬ್ಬಿಸಿದೆ, ಬಿತ್ತು. ಮತ್ತೆ ಎಬ್ಬಿಸಿದೆ, ಬಿತ್ತು. ಯಾವನೂ ಸ್ವಿಚ್ ಆರಿಸಿಲ್ಲ. "ಆಫ್ ಮಾಡ್ರೋ!" ಗಂಟಲು ಹರಿಯುವಂತೆ ಕೂಗಿದೆ. ಪೂಜೆ ಆದ ಸ್ವಿಚ್ ಆಗಲೇ ಆರಿಸಿದರೆ ಅಪಶಕುನವಂತೆ. ಅಪಶಕುನ!

ಕಡೂರಿನ ಆಸ್ಪತ್ರೆಗೆ ಹೊರಟ ಜೀಪಿನಲ್ಲಿ ತಾತ ನನ್ನ ತೊಡೆಯ ಮೇಲೆ. ತುಟಿ ನೀಲಿ. ಅಂಗಿ ಹಿಡಿದು ಎಳೆದ. "ಬೈಬೇಡ ಕಣ್ಲಾ... ನಿಮ್ಮಪ್ಪುನ್ನ..."

ತಾತ ಸಿಂಗಟಗೆರೆ ದಾಟಲಿಲ್ಲ.

ಅಕ್ಟೋಬರ್ 12

ಹನ್ನೊಂದನೇ ದಿನದ ಕಾರ್ಯ ಮುಗಿದಿದೆ. ಅಪ್ಪನ ಜೊತೆ ಮಾತಿಲ್ಲ. ಬೈಬೇಡ ಅಂದಿದ್ದ ತಾತ. ಬೈದಿಲ್ಲ. ಮಾತಾಡು ಅಂತ ಹೇಳಲಿಲ್ಲವಲ್ಲ.

ಅಕ್ಟೋಬರ್ 14, ಬೆಳಿಗ್ಗೆ

ಇವತ್ತು ಅಪ್ಪ ಮಿಲ್ಲು ತೆಗೆಯುತ್ತಾನೆ. ಸೋಲಾರ್ ರೂಮಿನ ಬಾಗಿಲಿಗೆ ಬಂದು ನಿಂತಿದ್ದಾನೆ. ಒಳಗೆ ಬರುತ್ತಿಲ್ಲ. ತಲೆ ಬೋಳಿಸಿದ್ದಾರೆ, ಯಾರೋ ಬೇರೆಯವನ ಹಾಗೆ ಕಾಣುತ್ತಾನೆ.

"ಮಗಾ... ಹಾಕ್ಲಾ?"

ಇಷ್ಟು ವರ್ಷದಲ್ಲಿ ನನ್ನ ಕೇಳಿ ಏನೂ ಮಾಡಿದವನಲ್ಲ. ಅಲ್ಲಿ ಜನ ರಾಗಿ ಚೀಲ ಇಟ್ಟುಕೊಂಡು ಕಾಯುತ್ತಿದ್ದಾರೆ. ಮುಖ ನೋಡಬಾರದು ಅಂತ ಇದನ್ನು ಬರೆಯುತ್ತಾ ಕೂತಿದ್ದೇನೆ. ಹೂಂ ಅಂದರೆ ಸಾಕು. ಹೋಗುತ್ತಾನೆ.

ಮತ್ತೆ ಕೇಳಿದ. "ಹಾಕ್ಲೇನಪ್ಪಾ?"

 ಹೂಂ ಅಂದರೆ ನಾನು ಕ್ಷಮಿಸಿದ ಹಾಗೇ ಆಗ—