ಅಮ್ಮ ಗುಹೆಯಿಂದ ಮೇಲೆ ಬಂದದ್ದು

ಅಪ್ಪನ ಕೋಣೆಯಿಂದ,
ಹನ್ನೊಂದನೇ ತಾರೀಖು, ಗುರುವಾರ ಮಧ್ಯಾಹ್ನ

ಪ್ರೀತಿಯ ತಮ್ಮಾ,

ಹೇಗಿದ್ದೀಯ? ಹಡಗಿನ ಅಡುಗೆಮನೆಯ ಕಾವಿಗೆ ಎದ್ದಿದ್ದ ಬೆವರುಸಾಲೆ ಕಡಿಮೆಯಾಯಿತೇ? ಸ್ವಲ್ಪ ವಾಸಿಯಾದ ಕೂಡಲೇ ಮುಲಾಮು ಬಿಟ್ಟುಬಿಡುವವನು ನೀನು, ಹಾಗೆ ಮಾಡಬೇಡ. ಎಲ್ಲರಿಗೂ ಬಡಿಸಿ ಕೊನೆಗೆ ಒಲೆಯ ಪಕ್ಕ ನಿಂತುಕೊಂಡೇ ತಿನ್ನುವ ಅಭ್ಯಾಸವನ್ನೂ ಬಿಡು. ನಾವೆಲ್ಲ ಇದ್ದೇವೆ. ಚೆನ್ನಾಗಿದ್ದೇವೆ ಎಂದು ಬರೆಯಲು ಹೊರಟೆ, ಅಷ್ಟು ದೊಡ್ಡ ಮಾತು ಬೇಡವೆನಿಸಿತು. ಅಪ್ಪ ಹಾಸಿಗೆಯಿಂದ ಕೈಗಂಟೆ ಬಾರಿಸಿ ಕರೆದಾಗಲೆಲ್ಲ ಎದ್ದು ಹೋಗಿ ಬಂದು ಬರೆಯುತ್ತಿದ್ದೇನೆ, ಮಾತು ಅಲ್ಲಲ್ಲಿ ಕಡಿದರೆ ಬೇಸರಿಸಬೇಡ.

ಕಳೆದ ಭಾನುವಾರ ನಾವೆಲ್ಲ ಗುಹೆ ನೋಡಲು ಹೋಗಿದ್ದೆವು. ನಮ್ಮ ಶಾಲೆಯವರು ವರ್ಷಾ ವರ್ಷಾ ಕರೆದುಕೊಂಡು ಹೋಗುತ್ತೇವೆಂದು ಹೇಳಿ ಒಮ್ಮೆಯೂ ಕರೆದೊಯ್ಯಲಿಲ್ಲವಲ್ಲ, ಅದೇ ಗುಹೆ. ಈಗ ಒಳಗೆಲ್ಲ ಮೆಟ್ಟಿಲು, ಕಂಬಿ, ಬಣ್ಣದ ದೀಪ. ಅಪ್ಪನಿಗೆ ಲಕ್ವ ಹೊಡೆದು ಹಾಸಿಗೆ ಹಿಡಿದಾಗಿನಿಂದ ಅಮ್ಮ ಔಷಧಿ ಅಂಗಡಿ ದಾಟಿ ಆಚೆಗೆ ಕಾಲಿಟ್ಟವಳಲ್ಲ. ನಿನ್ನ ಭಾವನೇ ಹಟ ಹಿಡಿದು, ಪಕ್ಕದ ಮನೆಯ ನರ್ಸಮ್ಮನನ್ನು ಒಂದು ಹಗಲಿನ ಮಟ್ಟಿಗೆ ಒಪ್ಪಿಸಿ, ಅಮ್ಮನನ್ನು ವ್ಯಾನಿಗೆ ಹತ್ತಿಸಿದರು. ದಾರಿಯುದ್ದಕ್ಕೂ ಫೋನನ್ನು ಅಂಗೈಯಲ್ಲೇ ಹಿಡಿದು ಕೂತಿದ್ದಳು. ಮಕ್ಕಳು ಕಿಟಕಿಯಾಚೆ ಏನೇನೋ ತೋರಿಸಿದರೆ ಹೂಂ, ಹೂಂ ಎನ್ನುತ್ತಿದ್ದಳು, ಕಣ್ಣು ಮಾತ್ರ ಫೋನಿನ ಮೇಲೆ.

ನಮ್ಮದೇ ಕೊನೆಯ ಗುಂಪು. ಗೈಡ್ ನನ್ನ ವಯಸ್ಸಿನ ಹೆಂಗಸು, ಬೆಳಗಿನಿಂದ ಮಾತಾಡಿ ಮಾತಾಡಿ ಗಂಟಲು ಕಟ್ಟಿತ್ತು ಪಾಪ. ಟಾರ್ಚ್ ಬೆಳಕು ಬಿಟ್ಟು ಇದು ಆನೆ, ಇದು ಪರದೆ, ಇದು ತಪಸ್ಸಿಗೆ ಕೂತ ಮುದುಕ ಎಂದು ತೋರಿಸುತ್ತಾ ಇಳಿಯುತ್ತಿದ್ದಳು. ಚಾವಣಿಯಿಂದ ದಪ್ಪಗೆ ಇಳಿಬಿದ್ದಿದ್ದ ಒಂದು ಕಲ್ಲನ್ನು ನೋಡಿ ನನ್ನ ಮಗಳು "ಇದು ಹಡಗು ಮಾಮನ ಹೊಟ್ಟೆ" ಎಂದಳು. ನಿನಗೆ ಹೇಳಲೇಬೇಕೆಂದು ಅಪ್ಪಣೆಯಾಗಿದೆ, ಹೇಳಿದ್ದೇನೆ. ತೀರಾ ಕೆಳಗೆ, ಮದುವೆ ಛತ್ರದಷ್ಟು ದೊಡ್ಡ ಹಜಾರವಿದೆ. ಅಲ್ಲಿ ದೀಪಗಳನ್ನೆಲ್ಲ ಆರಿಸಿ ಕತ್ತಲೆ ತೋರಿಸುತ್ತಾರೆ. ಕಣ್ಣ ಮುಂದೆ ಹಿಡಿದ ಕೈ ಕಾಣದ ಕತ್ತಲೆ. ಎಲ್ಲೋ ನೀರು ತೊಟ್ಟಿಕ್ಕುವ ಸದ್ದು ಬಿಟ್ಟರೆ ಇನ್ನೇನಿಲ್ಲ. ಮತ್ತೆ ದೀಪ ಬಂದಾಗ ಅಮ್ಮ ಗೋಡೆಯ ಪಕ್ಕದ ಬೆಂಚಿನಲ್ಲಿ ಚಪ್ಪಲಿ ಬಿಟ್ಟು, ಕಾಲು ಚಾಚಿ ಕೂತಿದ್ದಳು.

"ನೀವೆಲ್ಲ ಹೋಗಿ. ನಾನು ಇಲ್ಲೇ ಇರ್ತೀನಿ."

ನಾವು ನಕ್ಕೆವು. ಅವಳು ನಗಲಿಲ್ಲ. ಮಂಡಿ ನೋವೇ ಎಂದರೆ ಇಲ್ಲ, ತಲೆ ಸುತ್ತೇ ಎಂದರೆ ಅದೂ ಇಲ್ಲ. ನಿನ್ನ ಭಾವ ಎತ್ತಿಕೊಂಡೇ ಮೇಲಕ್ಕೆ ಹೋಗುತ್ತೇನೆಂದು ಮುಂದೆ ಬಂದರು. ಅಮ್ಮ ನೋಡಿದ ನೋಟಕ್ಕೆ ಹಾಗೇ ಹಿಂದೆ ಸರಿದರು. ಚಿಕ್ಕವನು ಅಳಲು ಶುರುಮಾಡಿದ. ಗೈಡ್ ನನ್ನನ್ನು ಪಕ್ಕಕ್ಕೆ ಕರೆದು, "ಅಕ್ಕಾ, ನಾನು ಗೇಟಿಗೆ ಬೀಗ ಹಾಕ್ಬೇಕು" ಎಂದಳು. ಆಮೇಲೆ ಅವಳಿಗೇ ಏನನ್ನಿಸಿತೋ, "ಇವರನ್ನೆಲ್ಲ ಮೇಲೆ ಬಿಟ್ಟು ಬರ್ತೀನಿ, ಅಷ್ಟರಲ್ಲಿ ಮಾತಾಡ್ಕೊಳ್ಳಿ" ಎಂದು ಮಕ್ಕಳನ್ನೂ ನಿನ್ನ ಭಾವನನ್ನೂ ಕರೆದುಕೊಂಡು ಮೆಟ್ಟಿಲು ಹತ್ತಿದಳು.

ನಾನು ಅಮ್ಮನ ಪಕ್ಕ ಕೂತೆ. ಬೆಂಚು ತಣ್ಣಗಿತ್ತು. ಅವಳೇ ಹೇಳಿದಳು: "ಇಲ್ಲಿಗೆ ಆ ಗಂಟೆ ಕೇಳಿಸಲ್ಲ ಕಣೇ. ಮನೇಲಿ ತಲೆ ಮೇಲೆ ನೀರು ಸುರ್ಕೊಂಡ್ರೂ ಕೇಳುತ್ತೆ. ಬಾರಿಸದೆ ಇದ್ರೂ ಕೇಳುತ್ತೆ." ಅಳಲಿಲ್ಲ, ತಮ್ಮಾ. ಅತ್ತಿದ್ದರೆ ಸಮಾಧಾನ ಮಾಡುವುದು ನನಗೆ ಗೊತ್ತಿತ್ತು. ಹಾಲಿನವನು ಬಂದುಹೋದ ಎನ್ನುವ ಧಾಟಿಯಲ್ಲಿ ಹೇಳಿದಳು.

ನಾನು, "ಮನೆಗೆ ಹೋಗ್ಬೇಡ. ನಮ್ಮನೆಗೆ ಹೋಗಿ ಇರು. ಅಪ್ಪನ್ನ ನಾನು ನೋಡ್ಕೋತೀನಿ" ಎಂದೆ. ಅವಳು ನನ್ನ ಮುಖವನ್ನೇ ನೋಡಿ, "ಸುಮ್ನೆ ಮೇಲೆ ಹತ್ತಿಸೋಕೆ ಹೇಳ್ತಿದ್ದೀಯಾ?" ಎಂದಳು. ಮೊದಲು ಹೇಳಿದ್ದು ಅದಕ್ಕೇ. ಅವಳು ಹಾಗೆ ಕೇಳಿದ ಮೇಲೆ ಮಾತು ನಿಜವಾಗಲೇಬೇಕಾಯಿತು. ಹೊಲಿಗೆ ಯಂತ್ರವನ್ನು ಅಪ್ಪನ ಕೋಣೆಗೇ ತರಿಸಿಕೊಳ್ಳುತ್ತೇನೆ, ನಮ್ಮ ಮನೆಯ ಹಿಂದಿನ ಕೋಣೆ ನಿನಗೆ, ಮಕ್ಕಳನ್ನು ಅವರಪ್ಪ ನೋಡಿಕೊಳ್ಳುತ್ತಾರೆ, ನೀನು ಅವರಿಗೂ ಏನೂ ಮಾಡಬೇಡ ಎಂದು ಒಂದೊಂದಾಗಿ ಹೇಳಿದೆ. ಎಲ್ಲ ಕೇಳಿಸಿಕೊಂಡಳು. ಚಪ್ಪಲಿ ಹುಡುಕಿ ಮೆಟ್ಟಿಕೊಂಡಳು. ಮೆಟ್ಟಿಲು ಹತ್ತುವಾಗ ಕೈ ಕೊಟ್ಟರೆ ಬೇಡವೆಂದಳು. ಗುಹೆಯ ಬಾಯಿಗೆ ಬಂದು ಬೆಳಕು ಕಂಡದ್ದೇ ತಡ, ಫೋನ್ ಬಡಿದುಕೊಳ್ಳತೊಡಗಿತು. ನರ್ಸಮ್ಮ. ಅಮ್ಮ ಅದನ್ನು ನೋಡಲೂ ಇಲ್ಲ, ನನ್ನ ಕೈಗೆ ಕೊಟ್ಟು ಹೋಗಿ ವ್ಯಾನಿನಲ್ಲಿ ಕೂತಳು.

ಹಾಗೆ ನಾನಿಲ್ಲಿ ಇದ್ದೇನೆ. ಅಮ್ಮ ನಮ್ಮ ಮನೆಯಲ್ಲಿ ಎರಡು ದಿನ ಬರೀ ನಿದ್ದೆ ಮಾಡಿದಳಂತೆ. ಅಪ್ಪ ಮೊದಲ ದಿನ ನನ್ನ ಕೈಯಿಂದ ಗಂಜಿ ಕುಡಿಯಲಿಲ್ಲ, ಬಾಯಿ ಬಿಗಿಹಿಡಿದು ಗೋಡೆಗೆ ಮುಖ ಮಾಡಿದರು. ಮಂಗಳವಾರ ಬೆಳಿಗ್ಗೆ ಅವರಿಗೆ ಇದ್ದದ್ದನ್ನು ಇದ್ದ ಹಾಗೇ ಹೇಳಿದೆ. ತೊದಲುತ್ತಾ, "ನಾನು ಅಷ್ಟೊಂದು ಕರೀತೀನಾ?" ಎಂದರು. "ಹೂಂ, ಅಪ್ಪಾ" ಎಂದೆ. ಬೇರೆ ಏನು ಹೇಳಲಿ? ಗಂಟೆಯನ್ನು ದಿಂಬಿನ ಕೆಳಗೆ ತಳ್ಳಿ ಕಣ್ಣು ಮುಚ್ಚಿದರು. ಅರ್ಧ ಗಂಟೆಯಾಗಿರಲಿಲ್ಲ, ಮತ್ತೆ ಬಾರಿಸಿದರು. ಪಾಪ, ಅವರೇನು ಮಾಡಿಯಾರು, ಬೆನ್ನು ಉರಿಯುತ್ತಿತ್ತು. ಮಗ್ಗುಲು ಬದಲಿಸಿದೆ. ಅವರೀಗ ಹಗುರಾಗಿದ್ದಾರೆ, ಆದರೂ ನನ್ನ ಸೊಂಟ ಹಿಡಿದುಕೊಂಡಿತು. ಸೋಮವಾರ ತರಿಸಿದ ಹೊಲಿಗೆ ಯಂತ್ರದ ಮೇಲಿನ ಬಟ್ಟೆಯನ್ನೇ ಇನ್ನೂ ತೆಗೆದಿಲ್ಲ.

ಸಾಕು, ಕೈ ಸೋತಿದೆ. ಸಮುದ್ರ ಶಾಂತವಾಗಿರಲಿ, ನಿನ್ನ ಹೊಟ್ಟೆ ತಣ್ಣಗಿರಲಿ. ಮಕ್ಕಳು ಮಾಮನನ್ನು ಕೇಳಿದ್ದಾರೆ, ಭಾವ ನೆನಪು ಹೇಳಿದ್ದಾರೆ.

ನಿನ್ನ
ಅಕ್ಕ

ಮರೆತಿದ್ದೆ: ಬಂದರು ಮುಟ್ಟಿದಾಗ ಅಮ್ಮನಿಗೆ ಫೋನ್ ಮಾಡಿದರೆ ಅಪ್ಪ ಹೇಗಿದ್ದಾರೆಂದು ಅವಳನ್ನು ಕೇಳಬೇಡ. ಕೇಳಿದರೆ ಆ ಸಂಜೆಯೇ ಹೊರಟು ಬಂದುಬಿಡುತ್ತಾಳೆ. ನೀನು ಹೇಗಿದ್ದೀಯಮ್ಮಾ ಎಂದು ಕೇಳು, ಅಷ್ಟೇ. ಇನ್ನೊಂದು. ಈ ಸಲದ ರಜೆಗೆ ಸ್ನೇಹಿತರ ಮನೆಗೆ ಅಲ್ಲಿ ಇಲ್ಲಿ ಹೋಗುವುದು ಬೇಡ, ಸಾಮಾನೂ ತರಬೇಡ, ನೇರ ಇಲ್ಲಿಗೆ ಬಾ. ನೀನು ಬರುತ್ತೀಯೆಂದು ಅಪ್ಪನಿಗೆ ಹೇಳಿಯಾಗಿದೆ. ನಾಲ್ಕು ದಿನವೂ ಆಗಿಲ್ಲ, ಅಮ್ಮ ಇಷ್ಟು ಕಾಲ ಹೇಗೆ ಮಾಡಿದಳೋ ಗೊತ್ತಿಲ್ಲ. ನನ್ನೊಬ್ಬಳ ಕೈಲಿ ಆಗುತ್ತಿಲ್ಲ.