ಅಪ್ಪನಿಗೆ ಎರವಲು ಕಣ್ಣು

ಅಪ್ಪಾ,

ನಿನ್ನ ತಿಥಿ ಕಾರ್ಯದ ಹಿಂದಿನ ದಿನ ನಿನ್ನ ಫೋಟೋ ಗೋಡೆಗೆ ಹಾಕಿದೆ. ಅದರಲ್ಲಿ ನಿನ್ನ ಕಣ್ಣು ತೆರೆದಿದೆ. ಅದು ಹೇಗಾಯಿತು ಅಂತ ಕೇಳುತ್ತೀಯ, ಗೊತ್ತು. ಪೀಣ್ಯದಲ್ಲಿ ಅಷ್ಟು ವರ್ಷ ಸ್ಟುಡಿಯೋ ನಡೆಸಿದವನು, ಬೇರೆಯವರು ಫ್ಲ್ಯಾಶ್ ಹೊಡೆದರೆ ಮಾತ್ರ ತಟ್ಟನೆ ಕಣ್ಣು ಮುಚ್ಚಿಬಿಡುತ್ತಿದ್ದೆ. ಮದುವೆ ಆಲ್ಬಮ್ಮಿನಲ್ಲೂ ಮುಚ್ಚಿದ್ದೀಯ, ವೋಟರ್ ಕಾರ್ಡಿನಲ್ಲೂ. ನಾನೂ ಅಮ್ಮನೂ ಅದಕ್ಕೆ ಎಷ್ಟು ನಕ್ಕಿದ್ದೇವೆ!

ಯಾದಗಿರಿ ಕಡೆಯ ಆ ಹೆಂಗಸು ನೆನಪಿದ್ದಾಳಾ? ಕಟ್ಟಡದಿಂದ ಬಿದ್ದು ಸತ್ತ ಗಂಡನದು ಅಂತ ಅವಳ ಹತ್ತಿರ ಇದ್ದದ್ದು ಒಂದೇ ಫೋಟೋ, ಶವಾಗಾರದಲ್ಲಿ ಯಾರೋ ಮೊಬೈಲಿನಲ್ಲಿ ತೆಗೆದದ್ದು. "ಕಣ್ಣ ತೆರದಂಗ ಮಾಡಿ ಕೊಡ್ರಿ ಸಾಹೇಬ್ರ, ಮಕ್ಕಳು ಅಂಜತಾವ" ಅಂದಳು. ನೀನು ಸತ್ತವನ ತಮ್ಮನನ್ನು ಕರೆಸಿ ಸ್ಟೂಲಿನ ಮೇಲೆ ಕೂರಿಸಿ ಫೋಟೋ ತೆಗೆದೆ. ಅವನ ಕಣ್ಣನ್ನು ಅಣ್ಣನ ಮುಖಕ್ಕೆ ಜೋಡಿಸಿದೆ. ಇಂಥ ಜೋಡಣೆಗೆ ಮೊದಲೆಲ್ಲ ಬ್ಲೇಡು, ಗೋಂದು, ಆಮೇಲೆ ಕಂಪ್ಯೂಟರ್. ಕಣ್ಣು ಮಾತ್ರ ರಕ್ತಸಂಬಂಧಿಯದ್ದೇ ಆಗಬೇಕು ಅನ್ನುವುದು ನಿನ್ನ ನಿಯಮ. ಅವಳು ಪ್ರಿಂಟ್ ನೋಡಿ, "ನನ್ನೇ ನೋಡಾಕತ್ತಾರ್ರಿ" ಅಂತ ಅಲ್ಲೇ ಕುಸಿದಳು. ಆ ದಿನ ನೀನು ಊಟ ಮಾಡಲಿಲ್ಲ.

ಕಲಾಶಾಲೆಯಲ್ಲಿ ಮೇಷ್ಟ್ರು ಸರ್ರಿಯಲಿಸಂ ಪಾಠ ಮಾಡಿದಾಗ ನನಗೆ ನಗು ಬಂದಿತ್ತು. ಯುದ್ಧ ಕಂಡು ರೋಸಿದ ಯುರೋಪಿನ ಕಲಾವಿದರು ಬುದ್ಧಿಯನ್ನು ಬಿಟ್ಟು ಕನಸನ್ನು ನಂಬಿದರಂತೆ. ಸಂಬಂಧವೇ ಇಲ್ಲದ ವಸ್ತುಗಳನ್ನು ಪಕ್ಕಪಕ್ಕ ಇಟ್ಟರಂತೆ. ಫೋಟೋಗ್ರಾಫರುಗಳು ನೆಗೆಟಿವ್ ಮೇಲೆ ನೆಗೆಟಿವ್ ಇಟ್ಟು, ಎಲ್ಲೂ ಇಲ್ಲದ ಮುಖಗಳನ್ನು ಹುಟ್ಟಿಸಿದರಂತೆ. ಮೆಟ್ರೋ ಕಂಬದ ಪಕ್ಕದ ಅಂಗಡಿಯಲ್ಲಿ ನಮ್ಮಪ್ಪ ಮಾಡುವುದೂ ಇದನ್ನೇ ಅಲ್ಲವಾ ಅನ್ನಿಸಿತು. ಆದರೆ ಅವರಿಗೆ ನೋಡುವವರನ್ನು ಬೆಚ್ಚಿಬೀಳಿಸಬೇಕಿತ್ತು. ನಿನ್ನ ಹತ್ತಿರ ಬರುತ್ತಿದ್ದವರು ಆಗಲೇ ಬೆಚ್ಚಿದ್ದವರು...

ನನ್ನ ಮೊದಲ ಪ್ರದರ್ಶನಕ್ಕೆ ನೀನು ಇಸ್ತ್ರಿ ಷರ್ಟ್ ಹಾಕಿಕೊಂಡು ಬಂದಿದ್ದೆ. ನಾನು ಜೋಡಿಸಿದ್ದ ಚಿತ್ರದಲ್ಲಿ ಕಾರ್ಖಾನೆಯ ಯಂತ್ರದ ಮುಂದೆ ಒಬ್ಬ ಹೆಂಗಸು, ಅವಳ ಕಣ್ಣಿನ ಜಾಗದಲ್ಲಿ ಎರಡು ಮುಚ್ಚಿದ ಬಾಗಿಲು. ಎಲ್ಲರೂ ಸೂಪರ್ ಅಂದರು. ನೀನು ಹತ್ತಿರ ಹೋಗಿ, ಜೋಡಣೆಯ ಅಂಚು ನೋಡಿ, ಮೆಲ್ಲಗೆ ಕೇಳಿದೆ.

"ಯಾರಮ್ಮ ಸತ್ತಿದ್ದು?"

"ಯಾರೂ ಇಲ್ಲಪ್ಪ. ಆರ್ಟ್ ಅದು."

"ಮತ್ಯಾಕೆ ಕಣ್ಣು ತೆಗ್ದೆ?"

ನನಗೆ ಸಿಟ್ಟು ಬಂತು, ಬೇರೆಯವರ ಹತ್ತಿರ ಹೋಗಿ ನಿಂತೆ.

ನಿನ್ನನ್ನು ಮಣ್ಣು ಮಾಡಿ ಬಂದ ಮಧ್ಯಾಹ್ನ, ಮದುವೆ ಆಲ್ಬಮ್ಮಿನ ಫೋಟೋವನ್ನೇ ದೊಡ್ಡದು ಮಾಡಿಸೋಣ ಅಂದೆ. ಅಮ್ಮ ಒಪ್ಪಲಿಲ್ಲ. "ಮುಚ್ಚಿರೋದನ್ನ ಆಸ್ಪತ್ರೇಲಿ ನೋಡ್ಬಿಟ್ಟೆ ಕಣೇ, ಸಾಕು. ಕಣ್ಣು ತೆರ್ಸು." ನಿನಗೆ ಅಣ್ಣತಮ್ಮಂದಿರಿಲ್ಲ. ಇನ್ನು ಯಾರನ್ನು ಕರೆಸಲಿ? ನಿನ್ನ ಸ್ಟೂಲಿನ ಮೇಲೆ ನಾನೇ ಕೂತೆ. ಕಾಡಿಗೆ ಒರೆಸಿಕೊಂಡು, ಟೈಮರ್ ಇಟ್ಟು, ರೆಪ್ಪೆ ಬಡಿಯದೆ. ಆಮೇಲೆ ಆ ಕಣ್ಣನ್ನು ನಿನ್ನ ಈಚಿನ ಫೋಟೋ ಒಂದಕ್ಕೆ ಜೋಡಿಸಿ, ಸುಕ್ಕು ಸೇರಿಸಿದೆ, ಬಿಳಿಗೆ ಚೂರು ಹಳದಿ ಬೆರೆಸಿದೆ. ಕೊನೆಗೆ ಪರದೆಯಲ್ಲಿ ಕಂಡವನು ನೀನಲ್ಲ. ನಾನೂ ಅಲ್ಲ. ಅಷ್ಟು ವರ್ಷ ಅಂಥ ಮುಖಗಳ ಎದುರು ಒಬ್ಬನೇ ಹೇಗೆ ಕೂತಿದ್ದೆ ನೀನು? ನನಗಂತೂ ಭಯವಾಯಿತು.

ಕಾರ್ಯದ ದಿನ ಬಂದವರೆಲ್ಲ ಫೋಟೋ ನೋಡಿ, ನನ್ನ ಮುಖ ನೋಡಿ, "ಥೇಟ್ ಅಪ್ಪನ್ ಕಣ್ಣೇ ಬಂದೈತೆ ಮಗೀಗೆ" ಅಂದರು. ಅದು ನನ್ನದೇ ಕಣ್ಣು ಅಂತ ಅಮ್ಮನಿಗೆ ಮಾತ್ರ ಗೊತ್ತಾಗಿತ್ತು. ಆವತ್ತಿನಿಂದ ಬೆಳಿಗ್ಗೆ ಫೋಟೋ ಮುಂದೆ ದೀಪ ಹಚ್ಚಿ ಬಂದು ಕಾಫಿ ಕೊಡುವಾಗ ನನ್ನ ಮುಖ ನೋಡುತ್ತಿರಲಿಲ್ಲ. ನಿನ್ನೆ ಲೋಟ ಕೆಳಗಿಟ್ಟು ಹೇಳಿಯೇಬಿಟ್ಟಳು: "ಬದುಕಿರೋ ಮಗಳಿಗೆ ದಿನಾ ಹಾರ ಹಾಕ್ದಂಗಾಗ್ತದೆ ಕಣೇ. ತೆಗ್ದಾಕು ಅದನ್ನ. ಮುಚ್ಚಿರೋದೇ ಇರ್ಲಿ."

ಮದುವೆ ಆಲ್ಬಮ್ಮಿನದನ್ನು ಪ್ರಿಂಟಿಗೆ ಕೊಟ್ಟಿದ್ದೇನೆ, ನಾಳೆ ಸಿಗುತ್ತದೆ. ಆಸ್ಪತ್ರೆಯಲ್ಲಿ ನಾನು ಬರುವಷ್ಟರಲ್ಲಿ ಯಾರೋ ನರ್ಸ್ ನಿನ್ನ ಕಣ್ಣು ಮುಚ್ಚಿಬಿಟ್ಟಿದ್ದರು. ನಾಳೆ ನಾನೇ ಮುಚ್ಚುತ್ತೇನೆ ಅಪ್ಪಾ.

ನಿನ್ನ ಮಗಳು